ಖಿನ್ನತೆ, ಚಿಂತಾಚರ್ವಣ ಮತ್ತು ಮುಖಭಾವಗಳ ಅವಧಾನ

ಖಿನ್ನತೆಯಿಂದ ಬಳಲುವವರ ಅವಧಾನವು ಇತರರ ಮುಖಗಳಲ್ಲಿ ತೋರುವ ಭಾವಗಳಲ್ಲಿ ಯಾವುದರ ಕಡೆಗೆ ಹರಿಯುತ್ತದೆ, ಎಷ್ಟು ಹೊತ್ತು ಅಲ್ಲಿ ನಿಲ್ಲುತ್ತದೆ, ಯಾವುದನ್ನು ಕಂಡೂ ಕಾಣದಂತೆ ದಾಟಿಹೋಗುತ್ತದೆ, ಒಂದೇ ದುಃಖವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ತಿರುವಿಹಾಕುವ ಅಭ್ಯಾಸಕ್ಕೂ ಈ ದೃಷ್ಟಿವ್ಯಾಪಾರಕ್ಕೂ ಇರುವ ಸಂಬಂಧವೇನು ಎಂಬ ಪ್ರಶ್ನೆಗಳನ್ನು ಕುರಿತ ಅಧ್ಯಯನವು ಕಳೆದ ಶತಮಾನದ ಎಂಬತ್ತರ ದಶಕದಿಂದೀಚೆಗೆ ಪ್ರಾಯೋಗಿಕ ಮನೋವಿಜ್ಞಾನದ ಒಂದು ಶಾಖೆಯಾಗಿ ಬೆಳೆದುಬಂದಿದೆ. ಇಲ್ಲಿ ಖಿನ್ನತೆಯೆಂದರೆ ಬಂದು ಹೋಗುವ ಬೇಸರವಲ್ಲ. ಕನಿಷ್ಠಪಕ್ಷ ಎರಡು ವಾರಗಳ ಕಾಲ ದಿನದ ಬಹುಭಾಗ ಮನಸ್ಸು ಕುಗ್ಗಿರುವುದು, ಹಿಂದೆ ಸುಖ ಕೊಡುತ್ತಿದ್ದ ವಿಷಯಗಳಲ್ಲಿ ಆಸಕ್ತಿ ಬತ್ತಿಹೋಗುವುದು, ನಿದ್ರೆ ಹಸಿವುಗಳು ಕೆಡುವುದು, ತಾನು ಯಾವುದಕ್ಕೂ ಬಾರದವನೆಂಬ ಭಾವನೆ ಬಲಿಯುವುದು ಮೊದಲಾದ ಲಕ್ಷಣಗಳ ಸಮೂಹವನ್ನು ವೈದ್ಯರು ಈ ಹೆಸರಿನಿಂದ ಗುರುತಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 28 ಕೋಟಿ ಜನ ಇದಕ್ಕೆ ಒಳಗಾಗಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಯಿಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ಪ್ರತಿ 20 ವಯಸ್ಕರಲ್ಲಿ ಒಬ್ಬರು ಜೀವಿತದಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸಿರುತ್ತಾರೆಂದು ತಿಳಿಸಿತು.

ಖಿನ್ನನಾದವನ ಕಣ್ಣು ದುಃಖವನ್ನು ಹುಡುಕಿಕೊಂಡು ಹೋಗುತ್ತದೆಯೆಂಬುದು ಜನಸಾಮಾನ್ಯರ ಎಣಿಕೆ. ಪ್ರಯೋಗಶಾಲೆಗಳಲ್ಲಿ ದೊರೆತ ಸಾಕ್ಷ್ಯವನ್ನೆಲ್ಲ ಒಟ್ಟುಗೂಡಿಸಿ ತೂಗಿದರೆ ಈ ಎಣಿಕೆಯು ಅರ್ಧಸತ್ಯವೆಂದು ಕಾಣುತ್ತದೆ. ದುಃಖದ ಮುಖವು ಖಿನ್ನನನ್ನು ಇತರರಿಗಿಂತ ಬೇಗ ಸೆಳೆಯುತ್ತದೆಂಬುದಕ್ಕೆ ಆಧಾರ ತೆಳುವಾದದ್ದು. ಒಮ್ಮೆ ಅದರ ಮೇಲೆ ನೆಟ್ಟ ದೃಷ್ಟಿಯು ಅಲ್ಲಿಂದ ಕಳಚಿಕೊಳ್ಳಲು ತಡಮಾಡುತ್ತದೆಂಬುದಕ್ಕೂ, ನಗುಮುಖವು ಅವನನ್ನು ಹಿಡಿದು ನಿಲ್ಲಿಸಲಾರದೆ ಸೋಲುತ್ತದೆಂಬುದಕ್ಕೂ ಆಧಾರ ಹೆಚ್ಚು ಬಲವಾಗಿದೆ. ಈ ಭೇದವು ಮೇಲುನೋಟಕ್ಕೆ ಸೂಕ್ಷ್ಮವೆನಿಸಿದರೂ ರೋಗದ ಸ್ವರೂಪವನ್ನು ತಿಳಿಯುವುದರಲ್ಲಿಯೂ ಚಿಕಿತ್ಸೆಯ ದಾರಿಯನ್ನು ಆರಿಸುವುದರಲ್ಲಿಯೂ ಬಹಳ ದೂರ ಹೋಗತಕ್ಕದ್ದು.

ಪದಗಳಿಗಿಂತ ಹೆಚ್ಚಾಗಿ ಮುಖಗಳನ್ನೇ ಪ್ರಯೋಗವಸ್ತುವಾಗಿ ಆರಿಸಿಕೊಂಡದ್ದಕ್ಕೆ ಕಾರಣವುಂಟು. ಲಿಪಿಯನ್ನು ಓದಲು ಕಲಿಯುವುದಕ್ಕೆ ವರ್ಷಗಳ ಮೊದಲೇ ಮಗುವು ಮುಖವನ್ನು ಓದಲು ಕಲಿತಿರುತ್ತದೆ. ತಾಯಿಯ ಹುಬ್ಬು ಗಂಟಿಕ್ಕಿದ್ದನ್ನೂ ತುಟಿಯರಳಿದ್ದನ್ನೂ ಅದು ತನ್ನ ಸುರಕ್ಷೆಯ ಸೂಚನೆಯಾಗಿ ಗ್ರಹಿಸುತ್ತದೆ. ಖಿನ್ನತೆಯಾದರೋ ಬಹುಮಟ್ಟಿಗೆ ಸಂಬಂಧಗಳ ರೋಗ: ಅಗಲಿಕೆ, ತಿರಸ್ಕಾರ, ಏಕಾಂಗಿತನಗಳಿಂದ ಅದು ಹುಟ್ಟುವುದುಂಟು, ಹುಟ್ಟಿದ ಮೇಲೆ ಅವುಗಳನ್ನೇ ಹೆಚ್ಚಿಸುವುದೂ ಉಂಟು. ಆದುದರಿಂದ ಎದುರಿಗಿರುವವರ ಮುಖವನ್ನು ಖಿನ್ನನು ಹೇಗೆ ನೋಡುತ್ತಾನೆಂಬುದು ಅವನ ಬಾಳಿನ ಮೂಲಪ್ರಶ್ನೆಗಳಲ್ಲೊಂದು. ಚಾರ್ಲ್ಸ್ ಡಾರ್ವಿನ್ನನು ಮಾನವರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತು 1872ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹುಬ್ಬುಗಳ ಒಳತುದಿ ಮೇಲೇರಿ ಓರೆಯಾಗುವುದನ್ನೂ ಬಾಯಿಯ ಅಂಚುಗಳು ಕೆಳಗೆ ಜಗ್ಗುವುದನ್ನೂ ವಿಸ್ತಾರವಾಗಿ ವರ್ಣಿಸಿ, ಹುಬ್ಬನ್ನು ಹಾಗೆ ಓರೆಗೊಳಿಸುವ ಸ್ನಾಯುಗಳನ್ನು ಶೋಕದ ಸ್ನಾಯುಗಳೆಂದು ಕರೆದನು. ಬೇಕೆಂದು ಅವುಗಳನ್ನು ಆಡಿಸಬಲ್ಲವರು ವಿರಳವೆಂಬುದನ್ನೂ ಗಮನಿಸಿದನು. ಒಂದು ಶತಮಾನದ ಅನಂತರ ಅಮೆರಿಕದ ಪಾಲ್ ಎಕ್‌ಮನ್ ಮತ್ತು ವಾಲೇಸ್ ಫ್ರೀಸೆನ್ ಎಂಬವರು 1976ರಲ್ಲಿ 110 ಕಪ್ಪುಬಿಳುಪು ಛಾಯಾಚಿತ್ರಗಳ ಒಂದು ಸಂಗ್ರಹವನ್ನು ಹೊರತಂದರು. 1998ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯಿಂದ 70 ಮಂದಿ ಸ್ತ್ರೀಪುರುಷರ ಏಳು ಬಗೆಯ ಮುಖಭಾವಗಳ ದೊಡ್ಡ ಸಂಗ್ರಹವೊಂದು ಬಂದಿತು. ಮುಂದೆ ಹೇಳುವ ಪ್ರಯೋಗಗಳು ಬಹುಮಟ್ಟಿಗೆ ಇಂಥ ಸಂಗ್ರಹಗಳನ್ನೇ ಅವಲಂಬಿಸಿವೆ. ಅವುಗಳಲ್ಲಿನ ದುಃಖವು ಕ್ಯಾಮೆರಾದ ಮುಂದೆ ಬೇಕೆಂದು ತಂದುಕೊಂಡ ದುಃಖವೆಂಬುದನ್ನು ಓದುಗರು ನೆನಪಿನಲ್ಲಿಡುವುದು ಒಳ್ಳೆಯದು.

ಸಿದ್ಧಾಂತದ ಪಕ್ಷದಲ್ಲಿ ಮೊದಲು ಹೆಸರಿಸಬೇಕಾದವನು ಫಿಲಡೆಲ್ಫಿಯದ ಮನೋವೈದ್ಯ ಆರನ್ ಬೆಕ್. ಖಿನ್ನತೆಯನ್ನು ಕೇವಲ ಭಾವದ ವಿಕಾರವೆಂದು ಎಣಿಸುತ್ತಿದ್ದ ಕಾಲದಲ್ಲಿ ಅವನು 1967ರ ತನ್ನ ಗ್ರಂಥದಲ್ಲಿ, ನಷ್ಟ, ಸೋಲು, ಅಯೋಗ್ಯತೆಗಳ ಸುತ್ತ ಬಾಲ್ಯದಿಂದಲೇ ಕಟ್ಟಿಕೊಂಡ ಮನೋಚೌಕಟ್ಟೊಂದು ರೋಗಿಯ ಅಂತರಂಗದಲ್ಲಿದ್ದು, ಕಷ್ಟಕಾಲದಲ್ಲಿ ಅದು ಎಚ್ಚತ್ತು, ತನಗೆ ಹೊಂದುವ ಸಂಗತಿಗಳನ್ನು ಮಾತ್ರ ಒಳಗೆ ಬಿಟ್ಟುಕೊಂಡು ಉಳಿದವುಗಳನ್ನು ಹೊರಗೆ ತಡೆಯುತ್ತದೆಂದು ವಾದಿಸಿದನು. 1981ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಗಾರ್ಡನ್ ಬವರ್, ಭಾವಗಳನ್ನು ಸ್ಮೃತಿಜಾಲದ ಗಂಟುಗಳೆಂದು ಭಾವಿಸಿ, ದುಃಖದ ಗಂಟು ಉದ್ದೀಪನಗೊಂಡಾಗ ಅದಕ್ಕೆ ಸೇರಿದ ನೆನಪು, ಅರ್ಥ, ಗ್ರಹಿಕೆಗಳೆಲ್ಲ ಒಟ್ಟಿಗೆ ಸುಲಭಲಭ್ಯವಾಗುತ್ತವೆಂದು ಪ್ರತಿಪಾದಿಸಿದನು. ಇವೆರಡರಲ್ಲಿ ಯಾವುದು ನಿಜವಾದರೂ ಖಿನ್ನರ ಅವಧಾನವು ದುಃಖದ ವಸ್ತುಗಳ ಕಡೆಗೆ ವಾಲಲೇಬೇಕಾಗಿತ್ತು.

ವಾಲಲಿಲ್ಲ, ಅಥವಾ ಮೊದಮೊದಲಿಗೆ ವಾಲಿದಂತೆ ಕಾಣಲಿಲ್ಲ. ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ಕಾಲಿನ್ ಮೆಕ್‌ಲೌಡ್, ಆಂಡ್ರ್ಯೂ ಮ್ಯಾಥ್ಯೂಸ್ ಮತ್ತು ಫಿಲಿಪ್ ಟಾಟ ಇವರು 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಈ ಕ್ಷೇತ್ರದ ದಿಕ್ಕನ್ನೇ ನಿರ್ಣಯಿಸಿತು. ಅವರ ಉಪಾಯವು ಸರಳವಾದುದು: ಪರದೆಯ ಮೇಲೆ ಎರಡು ಪದಗಳು ಕ್ಷಣಕಾಲ ಜೊತೆಯಾಗಿ ಮೂಡುತ್ತವೆ, ಒಂದು ಭಯಸೂಚಕ, ಇನ್ನೊಂದು ಸಾಧಾರಣ, ಅವು ಮಾಯವಾದ ಮೇಲೆ ಎರಡರಲ್ಲೊಂದರ ಜಾಗದಲ್ಲಿ ಸಣ್ಣ ಚುಕ್ಕೆಯೊಂದು ಕಾಣಿಸಿಕೊಳ್ಳುತ್ತದೆ, ಅದನ್ನು ಕಂಡೊಡನೆ ಗುಂಡಿಯೊತ್ತಬೇಕು. ಯಾವ ಪದದ ಕಡೆಗೆ ಅವಧಾನ ಮೊದಲೇ ಹೋಗಿರುತ್ತದೆಯೋ ಅದರ ಜಾಗದಲ್ಲಿ ಚುಕ್ಕೆ ಮೂಡಿದಾಗ ಉತ್ತರವು ಶೀಘ್ರವಾಗುತ್ತದೆ, ಇತರ ಕಡೆ ಮೂಡಿದಾಗ ಒಂದಿಷ್ಟು ತಡವಾಗುತ್ತದೆ. ಮಿಲಿಸೆಕೆಂಡುಗಳಲ್ಲಿ ಅಳೆಯಬಹುದಾದ ಈ ಅಂತರವೇ ಅವಧಾನದ ಒಲವಿನ ಮಾಪಕ. ಆತಂಕರೋಗಿಗಳಲ್ಲಿ ಈ ಒಲವು ಸ್ಪಷ್ಟವಾಗಿ ಕಂಡಿತು; ಖಿನ್ನರಲ್ಲಿ ಕಾಣಲಿಲ್ಲ. ಮಾರ್ಕ್ ವಿಲಿಯಮ್ಸ್ ಮತ್ತು ಅವನ ಸಹೋದ್ಯೋಗಿಗಳು 1988ರ ತಮ್ಮ ಗ್ರಂಥದಲ್ಲಿ ಈ ವೈಷಮ್ಯವನ್ನೇ ಸಿದ್ಧಾಂತವಾಗಿ ಪರಿವರ್ತಿಸಿ, ಆತಂಕವು ಗ್ರಹಣದ ಆರಂಭದಲ್ಲಿಯೇ ಕೈಯಾಡಿಸುವುದೆಂದೂ ಖಿನ್ನತೆಯು ಅನಂತರದ ವಿಸ್ತರಣೆಯ ಹಂತದಲ್ಲಿ, ಎಂದರೆ ನೆನಪು ಮತ್ತು ವಿಮರ್ಶೆಯಲ್ಲಿ, ತನ್ನ ಪ್ರಭಾವವನ್ನು ತೋರುವುದೆಂದೂ ಹೇಳಿದರು.

ಹೀಗಿರಲಾಗಿ, ಖಿನ್ನತೆಗೂ ಅವಧಾನಕ್ಕೂ ಸಂಬಂಧವಿಲ್ಲವೆಂಬ ಅಭಿಪ್ರಾಯವೇ ಕೆಲಕಾಲ ಬಲವಾಗಿತ್ತು. ಅದನ್ನು ಬದಲಾಯಿಸಿದ ಅಂಶಗಳು ಎರಡು: ಪದಗಳ ಸ್ಥಾನಕ್ಕೆ ಮುಖಗಳು ಬಂದುದು ಒಂದು, ಚಿತ್ರವನ್ನು ಕಣ್ಣ ಮುಂದೆ ನಿಲ್ಲಿಸುವ ಅವಧಿಯನ್ನು ದೀರ್ಘಗೊಳಿಸಿದುದು ಇನ್ನೊಂದು. ಸ್ಟ್ಯಾನ್‌ಫರ್ಡಿನ ಇಯಾನ್ ಗಾಟ್ಲಿಬ್, ಯುಟ ಯೋರ್ಮನ್ ಮತ್ತು ಅವರ ಸಂಗಡಿಗರು 2004ರಲ್ಲಿ ವೈದ್ಯರಿಂದ ಖಿನ್ನತೆಯೆಂದು ನಿರ್ಧರಿಸಲ್ಪಟ್ಟವರಿಗೆ ದುಃಖ, ಕೋಪ, ಸಂತೋಷದ ಮುಖಗಳಲ್ಲಿ ಒಂದೊಂದನ್ನು ಭಾವರಹಿತ ಮುಖದ ಜೊತೆಯಲ್ಲಿ ಪೂರ್ತಿ 1000 ಮಿಲಿಸೆಕೆಂಡುಗಳ ಕಾಲ ತೋರಿಸಿದಾಗ, ಅವರ ಅವಧಾನವು ದುಃಖದ ಮುಖದ ಕಡೆಗೆ ನಿಂತಿರುವುದು ಕಂಡುಬಂದಿತು. ಕೋಪದ ಮುಖಕ್ಕೆ ಹಾಗಾಗಲಿಲ್ಲ, ಆತಂಕರೋಗಿಗಳಲ್ಲಿಯೂ ಆರೋಗ್ಯವಂತರಲ್ಲಿಯೂ ದುಃಖಕ್ಕೆ ಈ ಮರ್ಯಾದೆ ದೊರೆಯಲಿಲ್ಲ. ಒಂದು ಸೆಕೆಂಡೆಂಬುದು ದಿನಬಳಕೆಯಲ್ಲಿ ಅತ್ಯಲ್ಪವಾದರೂ ಅವಧಾನದ ಲೆಕ್ಕದಲ್ಲಿ ಸುದೀರ್ಘವಾದ ಕಾಲ. ಅಷ್ಟರಲ್ಲಿ ಕಣ್ಣು ಎರಡು ಮೂರು ಬಾರಿ ಅತ್ತಿತ್ತ ಹೋಗಿ ಬರಬಹುದು. ಹಾಗೆ ಹೋಗಿ ಬರುವ ಸ್ವಾತಂತ್ರ್ಯವಿದ್ದಾಗಲೂ ಖಿನ್ನರು ದುಃಖದಲ್ಲಿಯೇ ನೆಲೆಸಿದ್ದರೆಂಬುದು ಈ ಪ್ರಯೋಗದ ತಿರುಳು.

ಅದೇ ತಂಡವು 2007ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳು ಇನ್ನೂ ಮಹತ್ತ್ವದವು. ರೋಗದಿಂದ ಗುಣಮುಖರಾದವರಲ್ಲಿಯೂ ದುಃಖದ ಮುಖದ ಕಡೆಗಿನ ಈ ಒಲವು ಉಳಿದಿತ್ತೆಂದು ಮೊದಲನೆಯದು ತಿಳಿಸಿತು. ಎಂದೂ ಖಿನ್ನರಾಗದಿದ್ದವರಾದರೋ ದುಃಖದ ಮುಖದಿಂದ ತಪ್ಪಿಸಿಕೊಂಡು ನಗುಮುಖದ ಕಡೆಗೆ ತಿರುಗಿದರು. ಗುಣವಾದವರಲ್ಲಿಯೂ ರೋಗಿಗಳಲ್ಲಿಯೂ ಈ ಹಿತಕರ ಪಕ್ಷಪಾತವು ಇರಲಿಲ್ಲ. ಎರಡನೆಯ ಅಧ್ಯಯನವು ಖಿನ್ನರಾದ ತಾಯಂದಿರ ಹೆಣ್ಣುಮಕ್ಕಳನ್ನು ಕುರಿತದ್ದು. ಸ್ವತಃ ಎಂದೂ ಖಿನ್ನತೆಗೆ ಒಳಗಾಗದ ಈ ಬಾಲಕಿಯರನ್ನು ಸ್ವಲ್ಪ ಹೊತ್ತು ವಿಷಣ್ಣಭಾವಕ್ಕೆ ತಂದು ಪರೀಕ್ಷಿಸಿದಾಗ, ಅವರು ದುಃಖದ ಮುಖಗಳತ್ತ ವಾಲಿದರು. ಆರೋಗ್ಯವಂತ ತಾಯಂದಿರ ಮಕ್ಕಳು ಅದೇ ಸನ್ನಿವೇಶದಲ್ಲಿ ಸಂತೋಷದ ಮುಖಗಳತ್ತ ತಿರುಗಿದರು. ಅವಧಾನದ ಈ ವಕ್ರತೆಯು ರೋಗದ ಲಕ್ಷಣ ಮಾತ್ರವಾಗಿದ್ದರೆ ರೋಗಕ್ಕೆ ಮೊದಲು ಕಾಣಬಾರದಾಗಿತ್ತು, ರೋಗದ ಅನಂತರ ಉಳಿಯಬಾರದಾಗಿತ್ತು. ಎರಡೂ ಆಗಿರುವುದರಿಂದ ಇದನ್ನು ರೋಗಪ್ರವಣತೆಯ ಒಂದು ಗುರುತೆಂದು ಭಾವಿಸಲು ಅವಕಾಶವುಂಟಾಗಿದೆ. ಇರಾಕಿಗೆ ಹೊರಟಿದ್ದ ಅಮೆರಿಕದ ಸೈನಿಕರ ಕಣ್ಚಲನೆಯನ್ನು ಮುಂಚೆಯೇ ಅಳೆದು, ಅನಂತರ ರಣಭೂಮಿಯ ಒತ್ತಡದ ನಡುವೆ ಅವರ ಮನಸ್ಥಿತಿಯನ್ನು ಅನುಸರಿಸಿಕೊಂಡು ಹೋದ ಕ್ರಿಸ್ಟೊಫರ್ ಬೀವರ್ಸ್ ಮತ್ತು ಸಂಗಡಿಗರ 2011ರ ಅಧ್ಯಯನವೂ ದುಃಖದ ಮುಖದ ಮೇಲಿನ ದೀರ್ಘ ನೋಟವನ್ನು ಮುಂದಿನ ಖಿನ್ನತೆಯ ಲಕ್ಷಣಗಳಿಗೆ ಜೋಡಿಸಿ ಈ ಊಹೆಗೆ ಬೆಂಬಲವಾಗಿ ನಿಂತಿತು.

ಇನ್ನು ಚಿಂತಾಚರ್ವಣದ ವಿಷಯ. ತನ್ನ ದುಃಖ, ಅದರ ಕಾರಣ, ಅದರ ಪರಿಣಾಮ ಇವುಗಳ ಮೇಲೆ ಮನಸ್ಸನ್ನು ನೆಟ್ಟು, ಯಾವ ನಿರ್ಧಾರಕ್ಕೂ ಕ್ರಿಯೆಗೂ ಇಳಿಯದೆ, ಗಾಣದೆತ್ತಿನಂತೆ ನಡೆದ ದಾರಿಯನ್ನೇ ಮತ್ತೆ ಮತ್ತೆ ನಡೆಯುವ ಚಿಂತನಕ್ರಮಕ್ಕೆ ಈ ಹೆಸರು ಸಲ್ಲುತ್ತದೆ. ಇದನ್ನು ಶಾಸ್ತ್ರೀಯ ಅಧ್ಯಯನದ ವಿಷಯವನ್ನಾಗಿ ಮಾಡಿದ ಶ್ರೇಯಸ್ಸು ಸ್ಟ್ಯಾನ್‌ಫರ್ಡಿನಲ್ಲಿಯೂ ಯೇಲ್ ವಿಶ್ವವಿದ್ಯಾನಿಲಯದಲ್ಲಿಯೂ ಅಧ್ಯಾಪಕಿಯಾಗಿದ್ದ ಸೂಸನ್ ನೋಲೆನ್-ಹೊಕ್ಸೆಮಳಿಗೆ (1959-2013) ಸೇರಬೇಕು. ದುಃಖ ಬಂದಾಗ ಮನುಷ್ಯನು ಅದಕ್ಕೆ ಹೇಗೆ ಪ್ರತಿಕ್ರಿಯಿಸುತ್ತಾನೆಂಬುದೇ ಆ ದುಃಖವು ಎಷ್ಟು ಕಾಲ ಉಳಿಯುವುದೆಂಬುದನ್ನು ನಿರ್ಣಯಿಸುತ್ತದೆಂಬುದು 1991ರಲ್ಲಿ ಅವಳು ಮಂಡಿಸಿದ ಸಿದ್ಧಾಂತ. ಪುರುಷರಿಗಿಂತ ಸ್ತ್ರೀಯರಲ್ಲಿ ಖಿನ್ನತೆ ಸುಮಾರು ಇಮ್ಮಡಿಯಾಗಿ ಕಾಣುವುದಕ್ಕೆ ಒಂದು ಕಾರಣವನ್ನೂ ಅವಳು ಇಲ್ಲಿಯೇ ಹುಡುಕಿದಳು.

ಸಿದ್ಧಾಂತಕ್ಕೆ ಪ್ರಕೃತಿಯೇ ಪರೀಕ್ಷೆಯೊಂದನ್ನು ಒದಗಿಸಿತು. 1989ರ ಅಕ್ಟೋಬರ್ 17ರ ಸಂಜೆ ಕ್ಯಾಲಿಫೋರ್ನಿಯದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪ್ರದೇಶವನ್ನು 6.9 ಪ್ರಮಾಣದ ಲೋಮ ಪ್ರಿಯೆಟ ಭೂಕಂಪವು ನಡುಗಿಸಿತು. ಅದಕ್ಕೆ ಸರಿಯಾಗಿ 14 ದಿನಗಳ ಹಿಂದೆ, ಬೇರೆ ಉದ್ದೇಶದಿಂದಲೇ, ನೋಲೆನ್-ಹೊಕ್ಸೆಮ ಮತ್ತು ಜ್ಯಾನೇ ಮಾರೊ ಸ್ಟ್ಯಾನ್‌ಫರ್ಡಿನ 137 ವಿದ್ಯಾರ್ಥಿಗಳ ಮನಸ್ಥಿತಿಯನ್ನೂ ಚಿಂತನಶೈಲಿಯನ್ನೂ ಪ್ರಶ್ನಾವಳಿಯ ಮೂಲಕ ಅಳೆದಿದ್ದರು. ಭೂಕಂಪದ ಅನಂತರ 10 ದಿನಗಳಾದಾಗ ಒಮ್ಮೆ, 7 ವಾರಗಳಾದಾಗ ಇನ್ನೊಮ್ಮೆ ಅದೇ ವಿದ್ಯಾರ್ಥಿಗಳನ್ನು ಪುನಃ ವಿಚಾರಿಸಿದಾಗ, ಮೊದಲೇ ಚಿಂತಾಚರ್ವಣದ ಅಭ್ಯಾಸವುಳ್ಳವರಾಗಿದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿ ಉಳಿದುಕೊಂಡಿದ್ದವು; ಮೊದಲಿನ ಖಿನ್ನತೆಯ ಮಟ್ಟವನ್ನು ಲೆಕ್ಕದಿಂದ ಕಳೆದರೂ ಈ ಸಂಬಂಧ ಅಳಿಯಲಿಲ್ಲ. ವಿಪತ್ತಿಗೆ ಮುಂಚಿನ ಅಳತೆಯು ಕೈಯಲ್ಲಿರುವುದು ಮನೋವಿಜ್ಞಾನದಲ್ಲಿ ಅಪರೂಪ. ಇಷ್ಟು ಅಚ್ಚುಕಟ್ಟಾದ ಸಾಕ್ಷ್ಯವು ಯೋಜಿಸಿ ಹೊರಟವರಿಗೂ ದೊರೆಯುವುದು ದುರ್ಲಭ.

ಎಲ್ಲ ಮರುಚಿಂತನೆಯೂ ಒಂದೇ ಬಗೆಯದಲ್ಲ. 2003ರಲ್ಲಿ ವೆಂಡಿ ಟ್ರೇನರ್, ರಿಚರ್ಡ್ ಗೊನ್ಸಾಲೆಜ್ ಮತ್ತು ನೋಲೆನ್-ಹೊಕ್ಸೆಮ ಇವರು ಚಿಂತಾಚರ್ವಣವನ್ನು ಅಳೆಯುವ 22 ಪ್ರಶ್ನೆಗಳ ಮಾಪಕವನ್ನು ಬಿಡಿಸಿನೋಡಿ, ಅದರಲ್ಲಿ ಎರಡು ಎಳೆಗಳಿರುವುದನ್ನು ತೋರಿಸಿದರು. ನನಗೇ ಏಕೆ ಹೀಗೆ, ಇತರರಿಗಿಲ್ಲದ ಕಷ್ಟ ನನಗೇಕೆ ಎಂದು ಇರುವ ಸ್ಥಿತಿಯನ್ನು ಇರಬೇಕಾಗಿದ್ದ ಸ್ಥಿತಿಯೊಡನೆ ಹೋಲಿಸಿ ಮರುಗುವುದು ಒಂದು, ಇದು ಕೊರಗು. ನಡೆದದ್ದನ್ನು ತಿಳಿಯುವ ಉದ್ದೇಶದಿಂದ ಒಳಹೊಕ್ಕು ನೋಡುವುದು ಇನ್ನೊಂದು, ಇದು ಪರ್ಯಾಲೋಚನೆ. ಕೊರಗು ಕಾಲಾಂತರದಲ್ಲಿ ಖಿನ್ನತೆಯನ್ನು ಹೆಚ್ಚಿಸಿತು. ಪರ್ಯಾಲೋಚನೆಯು ಆ ಹೊತ್ತಿಗೆ ಖಿನ್ನತೆಯೊಡನೆ ಕೂಡಿಕೊಂಡಿದ್ದರೂ ಮುಂದೆ ಅದನ್ನು ಇಳಿಸುವುದರೊಡನೆ ಸಂಬಂಧ ಹೊಂದಿತ್ತು. ಆತ್ಮನಿರೀಕ್ಷಣೆಯನ್ನು ಸಾಧನೆಯೆಂದು ಎಣಿಸುವ ನಾಡಿನಲ್ಲಿ ಹುಟ್ಟಿದ ನಮಗೆ ಈ ವಿಭಾಗವು ಅನ್ಯವೆನಿಸದು. ಎಲ್ಲ ಅಂತರ್ಮುಖತೆಯನ್ನೂ ರೋಗವೆಂದು ತಳ್ಳಿಹಾಕುವ ಅವಸರಕ್ಕೆ ಇದೊಂದು ತಡೆ.

ಮುಖಭಾವಗಳ ಅವಧಾನ, ಚಿಂತಾಚರ್ವಣ ಎಂಬ ಈ ಎರಡು ಅಧ್ಯಯನಧಾರೆಗಳು ಕೂಡಿದ್ದು 2006ರಲ್ಲಿ. ಯೋರ್ಮನ್, ಮ್ಯಾಗ್ಡಲೀನ ಡ್ಕೇನ್ ಮತ್ತು ಗಾಟ್ಲಿಬ್ ಚಿಂತಾಚರ್ವಣದ ಎರಡೂ ಎಳೆಗಳನ್ನು ಮುಖಭಾವಗಳ ಅವಧಾನದೊಡನೆ ಹೊಂದಿಸಿ ನೋಡಿದಾಗ, ದುಃಖದ ಮುಖದ ಕಡೆಗಿನ ಒಲವು ಕೊರಗಿನೊಡನೆ ಮಾತ್ರ ಜೊತೆಗೂಡಿತ್ತು, ಪರ್ಯಾಲೋಚನೆಯೊಡನೆ ಕೂಡಿರಲಿಲ್ಲ. ಖಿನ್ನತೆಯ ತೀವ್ರತೆಯನ್ನು ಲೆಕ್ಕದಿಂದ ಬೇರ್ಪಡಿಸಿದರೂ ಈ ಫಲಿತಾಂಶ ನಿಂತಿತು. ಅದೇ ವರ್ಷ ಬೆಲ್ಜಿಯಮ್ಮಿನ ಗೆಂಟ್ ವಿಶ್ವವಿದ್ಯಾನಿಲಯದವರು ಇನ್ನೊಂದು ಮುಖದಿಂದ ಸಮಸ್ಯೆಯನ್ನು ಹಿಡಿದರು. ಒಂದು ಮುಖವನ್ನು ಬೇಕೆಂದು ಅಲಕ್ಷಿಸಿದ ಮೇಲೆ, ಮರುಕ್ಷಣವೇ ಅಂಥದೇ ಭಾವದ ಮುಖಕ್ಕೆ ಉತ್ತರ ಕೊಡಬೇಕಾಗಿ ಬಂದರೆ ಆರೋಗ್ಯವಂತನಿಗೆ ತುಸು ತಡವಾಗುತ್ತದೆ, ಏಕೆಂದರೆ ಹಿಂದಿನ ನಿರೋಧವು ಇನ್ನೂ ಇಳಿದಿರುವುದಿಲ್ಲ. ಖಿನ್ನರಲ್ಲಿ ದುಃಖದ ಮುಖಗಳ ಮಟ್ಟಿಗೆ ಈ ತಡ ಕಾಣಲಿಲ್ಲ. ಎಂದರೆ ಅಲಕ್ಷಿಸಿದ್ದೇವೆಂದು ಅವರು ಭಾವಿಸಿದ್ದ ದುಃಖವು ನಿಜವಾಗಿ ಹೊರಹೋಗಿಯೇ ಇರಲಿಲ್ಲ. 2010ರಲ್ಲಿ ಸಾರಾ ಲೆವೆನ್ಸ್ ಮತ್ತು ಗಾಟ್ಲಿಬ್ ಇದನ್ನು ಕಾರ್ಯಸ್ಮೃತಿಗೆ ವಿಸ್ತರಿಸಿದರು: ಒಂದಾದಮೇಲೊಂದು ಬರುವ ಮುಖಗಳಲ್ಲಿ ಎರಡು ಹೆಜ್ಜೆ ಹಿಂದಿನದನ್ನು ನೆನಪಿನಲ್ಲಿಟ್ಟು ಹಳೆಯದನ್ನು ಕೈಬಿಡಬೇಕಾದ ಕೆಲಸದಲ್ಲಿ, ಖಿನ್ನರು ದುಃಖದ ಮುಖವನ್ನು ಬಿಡಲು ನಿಧಾನಿಸಿದರು, ಸಂತೋಷದ ಮುಖವನ್ನು ಇತರರಿಗಿಂತ ಬೇಗ ಬಿಟ್ಟುಕೊಟ್ಟರು.

ಈ ಸಾಕ್ಷ್ಯಗಳನ್ನೆಲ್ಲ ಆಧರಿಸಿ ಗೆಂಟಿನ ಅರ್ನ್‌ಸ್ಟ್ ಕೋಸ್ಟರ್, ರೂಡಿ ಡಿ ರಾಟ್ ಮೊದಲಾದವರು 2011ರಲ್ಲಿ ಮಂಡಿಸಿದ ಊಹನವು, ಈ ಲೇಖಕನ ದೃಷ್ಟಿಯಲ್ಲಿ, ಕ್ಷೇತ್ರದ ಅತ್ಯಂತ ಸಮರ್ಪಕವಾದ ವಿವರಣೆ. ದುಃಖದ ಯೋಚನೆ ಎಲ್ಲರಿಗೂ ಬರುತ್ತದೆ. ಆ ಯೋಚನೆಯು ತನ್ನ ಗುರಿಗೆ ವಿರೋಧವೆಂದು ತಿಳಿದೊಡನೆ ಮನಸ್ಸಿನೊಳಗೆ ಎಚ್ಚರಿಕೆಯೊಂದು ಮೂಡಿ, ಅವಧಾನವನ್ನು ಬೇರೆಡೆಗೆ ತಿರುಗಿಸುವುದು ಸ್ವಾಭಾವಿಕ ಕ್ರಮ. ಯಾರಲ್ಲಿ ಈ ಎಚ್ಚರಿಕೆ ಮೂಡುವುದಿಲ್ಲವೋ, ಮೂಡಿದರೂ ತಿರುಗಿಸುವ ಶಕ್ತಿ ದುರ್ಬಲವಾಗಿರುತ್ತದೆಯೋ, ಅವರು ಚಿಂತಾಚರ್ವಣಕ್ಕೆ ಬೀಳುತ್ತಾರೆ. ಹೊರಗಿನ ದುಃಖದ ಮುಖದಿಂದ ಕಣ್ಣನ್ನು ಕೀಳಲಾರದ ದೌರ್ಬಲ್ಯವೂ ಒಳಗಿನ ದುಃಖದ ನೆನಪಿನಿಂದ ಮನಸ್ಸನ್ನು ಕೀಳಲಾರದ ದೌರ್ಬಲ್ಯವೂ ಈ ಮತದ ಪ್ರಕಾರ ಒಂದೇ. ಆದರೆ ಕಾರಣವು ಒಂದೇ ದಿಕ್ಕಿನಲ್ಲಿ ಹರಿಯುತ್ತದೆಂದು ಹೇಳುವಂತಿಲ್ಲ. ತಮ್ಮ ಭಾವನೆಗಳನ್ನೇ ಕುರಿತು 8 ನಿಮಿಷ ಯೋಚಿಸುವಂತೆ ಮಾಡುವ ನೋಲೆನ್-ಹೊಕ್ಸೆಮಳ ಪ್ರಯೋಗವಿಧಾನವು ಮೊದಲೇ ವಿಷಣ್ಣರಾಗಿದ್ದವರ ಮನಸ್ಸನ್ನು ಇನ್ನಷ್ಟು ಕುಗ್ಗಿಸಿ, ಸಂದಿಗ್ಧ ಸಂಗತಿಗಳನ್ನು ಕೆಟ್ಟದಾಗಿ ಅರ್ಥೈಸುವಂತೆ ಮಾಡಿತೆಂಬುದು ತೊಂಬತ್ತರ ದಶಕದಲ್ಲಿಯೇ ಸಿದ್ಧವಾಗಿತ್ತು. ಚಿಂತೆಯು ಕಣ್ಣನ್ನು ಕಟ್ಟುತ್ತದೆ, ಕಣ್ಣು ಚಿಂತೆಗೆ ಮತ್ತೆ ಆಹಾರ ಒದಗಿಸುತ್ತದೆ. ಯಾವುದು ಮೊದಲೆಂಬ ಪ್ರಶ್ನೆಗೆ ಒಬ್ಬೊಬ್ಬ ರೋಗಿಯಲ್ಲಿ ಒಂದೊಂದು ಉತ್ತರವಿರುವುದು ಸಂಭವ.

ಗುಂಡಿಯೊತ್ತುವ ವೇಗದಿಂದ ಅವಧಾನವನ್ನು ಊಹಿಸುವುದು ಪರೋಕ್ಷ ಮಾರ್ಗ. ಕಣ್ಣಿನ ಪಾಪೆಯ ಚಲನೆಯನ್ನು ಸೆಕೆಂಡಿಗೆ ಹಲವು ಬಾರಿ ಗುರುತಿಸುವ ಯಂತ್ರಗಳು ಸುಲಭವಾಗಿ ದೊರೆಯತೊಡಗಿದ ಮೇಲೆ ಪ್ರಶ್ನೆಯನ್ನು ನೇರವಾಗಿ ಕೇಳುವುದು ಸಾಧ್ಯವಾಯಿತು. ಥಾಮಸ್ ಆರ್ಮ್‌ಸ್ಟ್ರಾಂಗ್ ಮತ್ತು ಬುನ್ಮಿ ಒಲಟುಂಜಿ 2012ರಲ್ಲಿ 33 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದಾಗ ತೋರಿದ ಚಿತ್ರವಿದು: ಆತಂಕವುಳ್ಳವರ ಕಣ್ಣು ಅಪಾಯದ ವಸ್ತುವಿನತ್ತ ಮೊದಲು ಧಾವಿಸುತ್ತದೆ, ಖಿನ್ನರ ಕಣ್ಣಿನಲ್ಲಿ ಅಂಥ ಧಾವಂತವಿಲ್ಲ, ಆದರೆ ದುಃಖದ ಚಿತ್ರದ ಮೇಲೆ ಅದು ಹೆಚ್ಚು ಕಾಲ ನಿಲ್ಲುತ್ತದೆ, ಸುಖದ ಚಿತ್ರದ ಕಡೆಗೆ ಕಡಮೆ ಹೋಗುತ್ತದೆ, ಹೋದರೂ ಬೇಗ ಹಿಂದಿರುಗುತ್ತದೆ. 1988ರ ಸಿದ್ಧಾಂತವು ಹೇಳಿದ್ದ ಆರಂಭ ಮತ್ತು ವಿಸ್ತರಣೆಯ ವಿಭಾಗವು ಹೀಗೆ ಬೇರೊಂದು ವೇಷದಲ್ಲಿ ಮರಳಿ ಬಂದಿತೆನ್ನಬಹುದು. ಮ್ಯಾಡ್ರಿಡ್ಡಿನ ಅಲ್ಮುಡೇನ ದುಕೆ ಮತ್ತು ಕಾರ್ಮೆಲೊ ವಾಸ್ಕೆಸ್ 2015ರಲ್ಲಿ ಈ ಇಬ್ಬಗೆಯ ಒಲವನ್ನು ರೋಗಿಗಳಲ್ಲಿ ಮುಖಚಿತ್ರಗಳ ಮೂಲಕವೇ ತೋರಿಸಿದರು. ಅಲ್ವಾರೊ ಸಾಂಚೆಸ್ ಮತ್ತು ಸಂಗಡಿಗರ 2013ರ ಪ್ರಯೋಗವು ಇನ್ನೂ ಬುದ್ಧಿವಂತಿಕೆಯದು: ಒಂದು ಮುಖದ ಮೇಲೆ ದೃಷ್ಟಿ ನೆಟ್ಟ ಮೇಲೆಯೇ ಅದರಿಂದ ಪಕ್ಕದ ಮುಖಕ್ಕೆ ಹೊರಳಬೇಕೆಂಬ ಸೂಚನೆ ಬರುವಂತೆ ಏರ್ಪಡಿಸಿ, ಹೊರಳಲು ಹಿಡಿಯುವ ಕಾಲವನ್ನು ಮಾತ್ರ ಅವರು ಪ್ರತ್ಯೇಕವಾಗಿ ಅಳೆದರು. ದುಃಖದ ಮುಖಗಳಿಂದ ಹೊರಳಲು ಖಿನ್ನರಿಗೆ ಹೆಚ್ಚು ಕಾಲ ಬೇಕಾಯಿತು. ಹೆಚ್ಚು ತಡಮಾಡಿದವರು, ಅನಂತರ ಒತ್ತಡದ ಕೆಲಸವೊಂದನ್ನು ಕೊಟ್ಟಾಗ, ಅದರ ಕಹಿಯಿಂದ ಚೇತರಿಸಿಕೊಳ್ಳುವುದರಲ್ಲಿಯೂ ಹಿಂದುಳಿದರು.

ನಗುಮುಖದ ಸೋಲನ್ನು ಕುರಿತು ಎರಡು ಮಾತು ಹೆಚ್ಚಾಗಿ ಹೇಳಬೇಕು, ಏಕೆಂದರೆ ದುಃಖದ ಆಕರ್ಷಣೆಯನ್ನು ವಿವರಿಸುವ ಉತ್ಸಾಹದಲ್ಲಿ ಗ್ರಂಥಕರ್ತರು ಇದನ್ನು ಅಡಿಟಿಪ್ಪಣಿಗೆ ಇಳಿಸುವುದುಂಟು. ಯೋರ್ಮನ್ ಮತ್ತು ಗಾಟ್ಲಿಬ್ 2006ರಲ್ಲಿ ಭಾವರಹಿತ ಮುಖವೊಂದು ಮೆಲ್ಲಮೆಲ್ಲನೆ ಪೂರ್ಣ ಭಾವದ ಮುಖವಾಗಿ ಮಾರ್ಪಡುವ ಚಿತ್ರಸರಣಿಯನ್ನು ತೋರಿಸಿ, ಯಾವ ಹಂತದಲ್ಲಿ ಭಾವವನ್ನು ಗುರುತಿಸುವರೆಂದು ನೋಡಿದರು. ಸಂತೋಷವನ್ನು ಸಂತೋಷವೆಂದು ಗುರುತಿಸಲು ಖಿನ್ನರಿಗೆ ಇತರರಿಗಿಂತ ಗಾಢವಾದ ನಗು ಬೇಕಾಯಿತು. ದಿನದ ಬಾಳಿನಲ್ಲಿ ನಾವು ಒಬ್ಬರಿಗೊಬ್ಬರು ತೋರುವ ಸಂತೋಷವು ಬಹುಪಾಲು ಕಿರುನಗೆಯ ಅಳತೆಯದೇ. ಹೆಂಡತಿಯ, ಗೆಳೆಯನ, ಕಚೇರಿಯ ಜೊತೆಗಾರನ ಆ ಕಿರುನಗೆ ಖಿನ್ನನಿಗೆ ಭಾವರಹಿತವಾಗಿ ತೋರಿದರೆ, ತನ್ನನ್ನು ಯಾರೂ ಇಷ್ಟಪಡುವುದಿಲ್ಲವೆಂಬ ಅವನ ನಂಬಿಕೆಗೆ ಪ್ರತಿಗಳಿಗೆಯೂ ಪುರಾವೆ ಒದಗಿದಂತಾಗುತ್ತದೆ.

ಮೆದುಳಿನ ಚಿತ್ರಣಗಳಿಂದ ದೊರೆತದ್ದನ್ನು ಸಂಕ್ಷೇಪವಾಗಿ ಹೇಳಬಹುದು. ಭಾವಸೂಚನೆಗಳಿಗೆ ಶೀಘ್ರವಾಗಿ ಸ್ಪಂದಿಸುವ ಅಮಿಗ್ಡಲವೆಂಬ ಬಾದಾಮಿಯಾಕಾರದ ಭಾಗವು, ಪ್ರಜ್ಞೆಗೆ ನಿಲುಕದಷ್ಟು ಅಲ್ಪಕಾಲ ತೋರಿಸಿದ ಭಯದ ಮುಖಗಳಿಗೂ ಖಿನ್ನರಲ್ಲಿ ಅತಿಯಾಗಿ ಕೆರಳುವುದನ್ನು ಯ್ವೆಟ್ ಶೆಲೈನ್ ಮತ್ತು ಸಂಗಡಿಗರು 2001ರಲ್ಲಿ ಕಂಡರು. ಔಷಧೋಪಚಾರದ ಅನಂತರ ಆ ಕೆರಳಿಕೆ ಇಳಿಯಿತು. ಪಿಟ್ಸ್‌ಬರ್ಗಿನ ಗ್ರೆಗ್ ಸೀಗಲ್ 2002ರಲ್ಲಿ ಮಾಡಿದ ಪ್ರಯೋಗವು ಮುಖಗಳನ್ನಲ್ಲ, ಪದಗಳನ್ನು ಬಳಸಿದ್ದಾದರೂ ಇಲ್ಲಿ ಪ್ರಸ್ತುತ: ಅಹಿತಕರವಾದ ಪದವೊಂದಕ್ಕೆ ಆರೋಗ್ಯವಂತರ ಅಮಿಗ್ಡಲವು ಸ್ಪಂದಿಸಿ 10 ಸೆಕೆಂಡುಗಳೊಳಗೆ ಶಾಂತವಾದರೆ, ಖಿನ್ನರಲ್ಲಿ ಬೇರೆ ಕೆಲಸವನ್ನು ಕೊಟ್ಟ ಮೇಲೆಯೂ 25 ಸೆಕೆಂಡುಗಳವರೆಗೆ ಸ್ಪಂದನ ಮುಂದುವರಿಯಿತು, ಮತ್ತು ಈ ಮುಂದುವರಿಕೆಗೂ ಅವರು ತಾವೇ ಒಪ್ಪಿಕೊಂಡ ಚಿಂತಾಚರ್ವಣಕ್ಕೂ ನಂಟಿತ್ತು. ಪ್ರಯೋಗಕ್ಕೆ ಒಳಪಟ್ಟವರ ಸಂಖ್ಯೆ ಬಹಳ ಚಿಕ್ಕದಾಗಿದ್ದುದರಿಂದ ಇದರ ಮೇಲೆ ಹೆಚ್ಚು ಭಾರ ಹೊರಿಸಲಾಗದು.

ಆಕ್ಷೇಪಗಳೂ ಇವೆ, ಅವು ಗಂಭೀರವಾದವು. ಒಬ್ಬನೇ ವ್ಯಕ್ತಿಯನ್ನು ಎರಡು ಸಲ ಚುಕ್ಕೆಯ ಪರೀಕ್ಷೆಗೆ ಒಡ್ಡಿದರೆ ಎರಡು ಅಂಕಗಳಿಗೂ ಹೊಂದಿಕೆಯೇ ಇರುವುದಿಲ್ಲವೆಂದು ಜರ್ಮನಿಯ ಸ್ಟೆಫಾನ್ ಶ್ಮುಕ್ಲೆ 2005ರಲ್ಲಿ ತೋರಿಸಿದ್ದು ಈ ಪರೀಕ್ಷೆಯ ಬುಡಕ್ಕೇ ಕೊಡಲಿಯೇಟು. ಗುಂಪುಗಳ ಸರಾಸರಿಯನ್ನು ಹೇಳಲು ಅದು ಸಾಲಬಹುದು. ಈ ಒಬ್ಬ ರೋಗಿಯ ಅವಧಾನ ಹೀಗಿದೆಯೆಂದು ಹೇಳಲು ಸಾಲದು. ಕಣ್ಚಲನೆಯ ಅಳತೆಗಳು, ವಿಶೇಷವಾಗಿ ಟೆಲ್ ಅವೀವಿನ ಅಮಿತ್ ಲಜರೊವ್ ಮತ್ತು ಸಂಗಡಿಗರು 2018ರಲ್ಲಿ ಬಳಸಿದಂತೆ ದುಃಖದ ಮತ್ತು ಸಂತೋಷದ 16 ಮುಖಗಳನ್ನು ಚೌಕಮಣೆಯಂತೆ ಜೋಡಿಸಿ ಕೆಲವು ಸೆಕೆಂಡು ಸ್ವೇಚ್ಛೆಯಾಗಿ ನೋಡಲು ಬಿಡುವ ವಿಧಾನವು, ಇದಕ್ಕಿಂತ ಎಷ್ಟೋ ಸ್ಥಿರವಾದ ಅಂಕಗಳನ್ನು ಕೊಡುತ್ತದೆ. ದುಃಖ ಮಾತ್ರವೇ ಖಿನ್ನರನ್ನು ಹಿಡಿಯುತ್ತದೆಂಬ ಮಾತಿಗೂ ಅಪವಾದವುಂಟು: ಗೆಂಟಿನಲ್ಲಿಯೇ 2007ರಲ್ಲಿ ಲೆಮ್ಕೆ ಲೇಮನ್ ಮತ್ತು ಸಂಗಡಿಗರು ಕೋಪದ ಮುಖಗಳ ಹಿಡಿತವನ್ನು ಕಂಡಿದ್ದರು, ತಿರಸ್ಕಾರಕ್ಕೆ ಅಂಜುವವನಿಗೆ ಕೋಪವೂ ಅಷ್ಟೇ ಅರ್ಥವತ್ತಾದುದೆಂಬುದು ಆಶ್ಚರ್ಯವೇನಲ್ಲ. ಖಿನ್ನತೆಯೂ ಆತಂಕವೂ ಒಬ್ಬನಲ್ಲಿಯೇ ಜೊತೆಗೂಡಿರುವುದು ಸಾಮಾನ್ಯವಾದುದರಿಂದ ಯಾವ ಫಲ ಯಾವುದರದೆಂದು ಬಿಡಿಸುವುದೂ ಕಷ್ಟ.

ಇನ್ನೊಂದು ಕೊರತೆ ನಮಗೆ ಹತ್ತಿರದ್ದು. ಈ ಪ್ರಯೋಗಗಳ ಮುಖಗಳು ಬಹುಮಟ್ಟಿಗೆ ಯೂರೋಪಿಯನ್ ಮೂಲದವರವು, ಅಪರಿಚಿತರವು, ಅಲುಗಾಡದ ಚಿತ್ರಗಳು. ನಿಮ್ಹಾನ್ಸ್‌ನ ರಿಷಿಕೇಶ್ ಬೆಹೆರೆ, ಗಣೇಶನ್ ವೆಂಕಟಸುಬ್ರಮಣಿಯನ್, ಬಿ. ಎನ್. ಗಂಗಾಧರ್ ಮೊದಲಾದವರು ಮನೋರೋಗಿಗಳ ಭಾವಗ್ರಹಣಶಕ್ತಿಯನ್ನು ಅಳೆಯಲು 2008ರಲ್ಲಿ ಪ್ರಕಟಿಸಿದ 'ಟ್ರೆಂಡ್ಸ್' ಎಂಬ ಸಾಧನದಲ್ಲಿ ಭಾರತೀಯ ನಟನಟಿಯರ ಮುಖಗಳನ್ನು, ತರುಣರವನ್ನೂ ವಯಸ್ಸಾದವರವನ್ನೂ, ಸ್ಥಿರಚಿತ್ರಗಳಲ್ಲಿಯೂ ಚಲನಚಿತ್ರದ ತುಣುಕುಗಳಲ್ಲಿಯೂ ಅಳವಡಿಸಿದ್ದು ಈ ದಿಕ್ಕಿನಲ್ಲಿ ಒಂದು ಹೆಜ್ಜೆ. ಅದು ಭಾವವನ್ನು ಗುರುತಿಸುವ ಪರೀಕ್ಷೆ. ಅವಧಾನದ ಕಾಲವನ್ನು ಅಳೆಯುವ ಕೆಲಸಕ್ಕೂ ಇಂಥ ಮುಖಗಳು ಬಳಕೆಗೆ ಬರುವುದು ಯೋಗ್ಯ.

ಚಿಕಿತ್ಸೆಯ ಪಕ್ಷದಲ್ಲಿ ಹೇಳತಕ್ಕ ಮೊದಲ ಸಂಗತಿ ಆಕ್ಸ್‌ಫರ್ಡಿನ ಕ್ಯಾಥರಿನ್ ಹಾರ್ಮರಳದು. ಖಿನ್ನತೆಯ ಔಷಧಗಳು ಮನಸ್ಸನ್ನು ಹಗುರಗೊಳಿಸಲು ವಾರಗಳು ಬೇಕೆಂಬುದು ಸರ್ವವಿದಿತ. ಆದರೆ ರೆಬಾಕ್ಸೆಟಿನ್ ಎಂಬ ಔಷಧದ ಒಂದೇ ಒಂದು ಗುಳಿಗೆಯು, ರೋಗಿಗೆ ತನ್ನ ಬೇಸರ ಇಳಿದಿದೆಯೆಂದು ಅನಿಸುವ ಮೊದಲೇ, ಸಂತೋಷದ ಮುಖಗಳನ್ನು ಗುರುತಿಸುವ ಅವನ ಶಕ್ತಿಯನ್ನು ಹೆಚ್ಚಿಸಿತೆಂದು 2009ರ ಅವಳ ಅಧ್ಯಯನ ತಿಳಿಸಿತು. ಔಷಧವು ಮೊದಲು ನೋಟವನ್ನು ತಿದ್ದುತ್ತದೆ, ಆ ನೋಟದಿಂದ ಲೋಕವು ದಿನದಿನವೂ ಬೇರೆಯಾಗಿ ಕಂಡು ಮನಸ್ಸು ತಡವಾಗಿ ತಿಳಿಯಾಗುತ್ತದೆ ಎಂಬುದು ಅವಳ ವ್ಯಾಖ್ಯಾನ. ಅವಧಾನವನ್ನೇ ನೇರವಾಗಿ ಪಳಗಿಸುವ ಯತ್ನವೂ ನಡೆದಿದೆ. ಚುಕ್ಕೆಯು ಹೆಚ್ಚಾಗಿ ದುಃಖದ ಚಿತ್ರದ ಎದುರು ಬದಿಯಲ್ಲಿಯೇ ಮೂಡುವಂತೆ ಮಾಡಿ ಕಣ್ಣಿಗೆ ಹೊಸ ಅಭ್ಯಾಸ ಕಲಿಸಿದಾಗ ವಿಷಣ್ಣರಾದ ವಿದ್ಯಾರ್ಥಿಗಳ ಲಕ್ಷಣಗಳು ಇಳಿದುವೆಂದು ಟೋನಿ ವೆಲ್ಸ್ ಮತ್ತು ಬೀವರ್ಸ್ 2010ರಲ್ಲಿ ವರದಿ ಮಾಡಿದರು. ಇಂಥ ಪ್ರಯೋಗಗಳನ್ನೆಲ್ಲ 2015ರಲ್ಲಿ ಒಟ್ಟಿಗೆ ತೂಗಿದ ಯೊವಾನ ಕ್ರಿಸ್ಟಿಯ ಮತ್ತು ಸಂಗಡಿಗರಿಗೆ ಫಲವು ಸ್ವಲ್ಪವೆಂದೂ, ಅನುಕೂಲವಾದ ಫಲಿತಾಂಶಗಳೇ ಹೆಚ್ಚಾಗಿ ಅಚ್ಚಾಗುವ ಪ್ರಕಟಣೆಯ ಪಕ್ಷಪಾತದಿಂದ ಉಬ್ಬಿದ್ದೆಂದೂ ಕಂಡಿತು. ಗುಂಡಿಯೊತ್ತಿಸಿ ಖಿನ್ನತೆಯನ್ನು ಕಳೆಯಬಹುದೆಂಬ ಆಸೆಗೆ ಇದಕ್ಕಿಂತ ಹೆಚ್ಚಿನ ಆಧಾರ ಸದ್ಯಕ್ಕಿಲ್ಲ.

ಚಿಂತಾಚರ್ವಣವನ್ನೇ ಗುರಿಯಾಗಿಟ್ಟುಕೊಂಡ ಚಿಕಿತ್ಸೆಗಳ ಸ್ಥಿತಿ ಉತ್ತಮ. ಎಕ್ಸೆಟರಿನ ಎಡ್ವರ್ಡ್ ವಾಟ್ಕಿನ್ಸ್, ಏಕೆ ಎಂಬ ಅಮೂರ್ತ ಪ್ರಶ್ನೆಯಿಂದ ಹೇಗೆ ಎಂಬ ಮೂರ್ತ ಪ್ರಶ್ನೆಗೆ ರೋಗಿಯ ಚಿಂತನೆಯನ್ನು ಹೊರಳಿಸುವ ಚಿಕಿತ್ಸೆಯೊಂದನ್ನು ರೂಪಿಸಿ ಪರೀಕ್ಷಿಸಿದನು. ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್ಡೇಲ್ ಇವರು ಬೌದ್ಧ ಧ್ಯಾನಪದ್ಧತಿಯ ಅಂಶಗಳನ್ನು ಯೋಚನೆಗಳನ್ನು ತಿದ್ದುವ ಬೆಕ್‌ನ ಚಿಕಿತ್ಸೆಯೊಡನೆ ಕೂಡಿಸಿ ರಚಿಸಿದ 8 ವಾರಗಳ ಕ್ರಮವು, ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಒಳಗಾದವರಲ್ಲಿ ರೋಗವು ಮರುಕಳಿಸುವುದನ್ನು ಗಣನೀಯವಾಗಿ ತಗ್ಗಿಸಿತೆಂಬುದು 2000ರ ಅಧ್ಯಯನದಿಂದ ತಿಳಿದುಬಂದಿತು. ವಿಲಿಯಮ್ಸ್ ಇಲ್ಲಿ ಮತ್ತೆ ಕಾಣಿಸಿಕೊಳ್ಳುವುದು ಆಕಸ್ಮಿಕವಲ್ಲ. ಖಿನ್ನತೆಯ ಕೆಡಕು ಗ್ರಹಣದ ಆರಂಭದಲ್ಲಿಲ್ಲ, ಅನಂತರದ ವಿಸ್ತರಣೆಯಲ್ಲಿದೆಯೆಂದು 1988ರಲ್ಲಿ ಬರೆದವನು ಆ ವಿಸ್ತರಣೆಯನ್ನೇ ತಡೆಯುವ ಅಭ್ಯಾಸವನ್ನು ಅರಸಿಕೊಂಡು ಹೋದನು. ಗುಣಮುಖರಾದವರಿಗೆ ಈ ಧ್ಯಾನಕ್ರಮವನ್ನು ಕಲಿಸಿ, ಮೊದಲೂ ಅನಂತರವೂ ಮುಖಚಿತ್ರಗಳ ಪರೀಕ್ಷೆಯನ್ನು ನಡೆಯಿಸಿದ ಡಿ ರಾಟ್ ಮತ್ತು ಸಂಗಡಿಗರು 2012ರಲ್ಲಿ ಕಂಡದ್ದು ಕುತೂಹಲಕರ: ದುಃಖದ ಮುಖಕ್ಕೆ ಸುಲಭವಾಗಿ ತೆರೆದುಕೊಳ್ಳುವ ಪ್ರವೃತ್ತಿ ತಗ್ಗಿತು, ಸಂತೋಷದ ಮುಖವನ್ನು ಹೊರಗಿಡುವ ನಿರೋಧವೂ ಅದರೊಡನೆಯೇ ಸಡಿಲವಾಯಿತು, ನಗುಮುಖವನ್ನೇ ಹುಡುಕಿ ನೋಡಬೇಕೆಂದು ಆ ಎಂಟು ವಾರಗಳಲ್ಲಿ ಅವರಿಗೆ ಯಾರೂ ಕಲಿಸಿರಲಿಲ್ಲ.